ಆರಿದ್ರಾ ಇಷ್ಟು ಕೆಂಪಾ!

ಚಿತ್ರದುರ್ಗದ ಹೊರಗಿನ ನಮ್ಮ ಹೊಲದಲ್ಲಿ ಇವತ್ತು ರಾತ್ರಿ ಆಕಾಶದ ಫೋಟೊ ತೆಗೆದೆ. ಫೋನ್, ಒಂದು ಸಣ್ಣ ಟ್ರೈಪಾಡ್, ಅಷ್ಟೇ.

ಕ್ಯಾಮೆರಾದಲ್ಲಿ ಸೆಟ್ಟಿಂಗ್ ನಾವೇ ಇಡುವ ಪ್ರೊ ಮೋಡ್, ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 1600, ಶಟರ್ 15 ಸೆಕೆಂಡ್. ಬೆರಳು ತಾಗಿದರೂ ಫೋನ್ ಅಲುಗುತ್ತೆ, ಟೈಮರ್ ಇಡಲೇಬೇಕು. ಶಟರ್ ತುಂಬಾ ಹೊತ್ತು ತೆರೆದಿಟ್ಟರೆ ಚುಕ್ಕಿಗಳು ಗೆರೆಯಾಗುತ್ತವೆ. ಭೂಮಿ ತಿರುಗ್ತಾ ಇದೆ ಅಲ್ವಾ!

ಪರದೆ ಮೇಲೆ ಓರಿಯನ್ ನಕ್ಷತ್ರಪುಂಜ ಮೂಡಿತು. ನಡುವೆ ಸಾಲಾಗಿ ಮೂರು ಚುಕ್ಕಿ. ಒಂದು ಕಡೆ ರೈಜೆಲ್ ನಕ್ಷತ್ರ, ತಿಳಿ ನೀಲಿ. ಇನ್ನೊಂದು ಕಡೆ ಜೂಮ್ ಮಾಡಿದರೆ ಕೆಂಡದ ಹಾಗೆ ಬೀಟಲ್‌ಜ್ಯೂಸ್. ಅದೇ ನಮ್ಮ ಆರಿದ್ರಾ. ಸುಮ್ನೆ ತಲೆ ಎತ್ತಿ ನೋಡಿದಾಗ ಇಷ್ಟು ಬಣ್ಣ ಕಂಡಿರಲೇ ಇಲ್ಲ.

"ಅಜ್ಜಾ, ಆರಿದ್ರಾ ಮಳೆ ಅಂತೀಯಲ್ಲ, ಆ ನಕ್ಷತ್ರ ಇದೇ ನೋಡು" ಅಂದೆ. ಅಜ್ಜ ಫೋನ್ ಇಸ್ಕೊಂಡು ಬಹಳ ಹೊತ್ತು ನೋಡಿದ. "ಇಷ್ಟು ಕೆಂಪಗೈತಾ?" ಅಂದ.

ಆ ಮಳೆ ಬರೋದು ಜೂನ್ ಕೊನೆಗೆ, ಸೂರ್ಯ ಈ ನಕ್ಷತ್ರದ ಹತ್ತಿರ ಇರುವಾಗ. ಆಗ ಅದು ಹಗಲ ಬೆಳಕಲ್ಲಿ ಮುಚ್ಚಿಹೋಗಿರುತ್ತೆ. ಜೀವಮಾನವೆಲ್ಲ ಲೆಕ್ಕ ಇಟ್ಟ ಮಳೆಯ ನಕ್ಷತ್ರವನ್ನು ಅಜ್ಜ ಇವತ್ತು ಗುರುತು ಹಿಡಿದ. ನನಗಂತೂ ಫೋಟೊಗಿಂತ ಇದೇ ಜಾಸ್ತಿ ಖುಷಿ.

ಅಮಾವಾಸ್ಯೆ ಹತ್ತಿರ ಇದ್ದಾಗ ನೀವೂ ತೆಗೆದು ನೋಡಿ. ಮನೆಯ ಹಿರಿಯರಿಗೂ ತೋರಿಸಿ.