ಹಿಡಿ ಅಕ್ಕಿ ಹೊತ್ತು ಹೊರನಾಡಿಗೆ

ಹಾಸನದಿಂದ ಅನ್ನಪೂರ್ಣೇಶ್ವರಿಯ ಹೊರನಾಡಿಗೆ ಎರಡು ಮೂರು ದಾರಿಗಳಿವೆ. ನಾವು ಹಿಡಿದದ್ದು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ದಾರಿ. ಡಿಸೆಂಬರ್ ತಿಂಗಳು. ಮಳೆ ಮುಗಿದು ರಸ್ತೆ ಒಣಗಿತ್ತು, ಬೆಳಿಗ್ಗೆ ಚಳಿ ಚೆನ್ನಾಗಿಯೇ ಇತ್ತು. ಕಾರು ನನ್ನ ತಮ್ಮನದು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ ನಮ್ಮವರನ್ನು ಕೂರಿಸಿದೆವು. ಅವರು ಎಡಗಾಲು ಚಾಚಿಕೊಂಡೇ ಕೂರಬೇಕು. ಹಿಂದೆ ಅತ್ತೆ, ನಾನು, ಮಗಳು. ಡಿಕ್ಕಿಯಲ್ಲಿ ಬಟ್ಟೆ ಬ್ಯಾಗಿನ ಪಕ್ಕ ಒಂದು ಅಕ್ಕಿ ಚೀಲ.

ಆ ಚೀಲದ ಬಗ್ಗೆ ಮೊದಲು ಹೇಳಬೇಕು. ಅದು ಅಂಗಡಿಯಿಂದ ತಂದ ಅಕ್ಕಿ ಅಲ್ಲ. ಅತ್ತೆ ದಿನಾ ಅನ್ನಕ್ಕೆ ಅಕ್ಕಿ ಅಳೆದುಕೊಂಡ ಮೇಲೆ ಅದರಿಂದಲೇ ಒಂದು ಹಿಡಿ ತೆಗೆದು ಬೇರೆ ಸ್ಟೀಲ್ ಡಬ್ಬಿಗೆ ಹಾಕುತ್ತಿದ್ದರು. ಡಬ್ಬಿ ತುಂಬಿದರೆ ಚೀಲಕ್ಕೆ ಸುರಿಯುವುದು. ಹುಳ ಬಿದ್ದರೆ ಮೊರಕ್ಕೆ ಹಾಕಿ ಕೇರಿ, ಬಿಸಿಲಿಗೆ ಹರಡಿ, ಒಣಮೆಣಸಿನಕಾಯಿ ಸೇರಿಸಿ ಮತ್ತೆ ತುಂಬುವುದು. ರೇಷನ್ ಅಕ್ಕಿ, ಅಂಗಡಿ ಅಕ್ಕಿ, ಯಾರೋ ಕೊಟ್ಟ ಗದ್ದೆಯ ದಪ್ಪ ಅಕ್ಕಿ, ಎಲ್ಲವೂ ಅದರಲ್ಲಿತ್ತು. ಕೈ ಹಾಕಿ ಎತ್ತಿದರೆ ಉದ್ದ ಕಾಳು, ಗಿಡ್ಡ ಕಾಳು, ಬಿಳಿ, ಕೆಂಪು ಎಲ್ಲ ಕಾಣುತ್ತಿತ್ತು.

ನಮ್ಮವರು ಗೂಡ್ಸ್ ಆಟೋ ಓಡಿಸುತ್ತಾರೆ. ಎಪಿಎಂಸಿಯಿಂದ ಆಲೂಗಡ್ಡೆ, ಈರುಳ್ಳಿ ಮೂಟೆ ಸಾಗಿಸುವ ಕೆಲಸ. ಹೋದ ವರ್ಷ ರಾತ್ರಿ ಹೊತ್ತು ಬೈಕಿನಲ್ಲಿ ಬರುವಾಗ ಬಿದ್ದು ತೊಡೆ ಮೂಳೆ ಮುರಿಯಿತು. ರಾಡ್ ಹಾಕಿದರು. ಗಾಯ ಕೀವು ಕಟ್ಟಿ ಮತ್ತೊಂದು ಆಪರೇಷನ್ ಆಯಿತು. ಆಟೋ ಮನೆ ಮುಂದೆ ನಿಂತಿತು, ಅದರ ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಬಳೆ ಅಡವಿಗೆ ಹೋದವು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದೆ. ಆ ದಿನಗಳಲ್ಲೇ ಅತ್ತೆ ಈ ಹಿಡಿ ಅಕ್ಕಿ ಶುರು ಮಾಡಿದ್ದು. ಮಗನ ಕಾಲು ವಾಸಿಯಾಗಲಿ ಅಂತ ಹರಕೆ ಹೊತ್ತಿರಬೇಕು ಅಂದುಕೊಂಡೆವು. ಕೇಳಿದಾಗ ಅವರು ಹೇಳಿದ್ದು ಬೇರೆ.

"ಕಾಲಿನ ವಿಷಯ ಡಾಕ್ಟ್ರು ನೋಡ್ಕೋತಾರೆ ಕಣಮ್ಮಾ. ನಾನು ತಾಯಿನ ಕೇಳಿರೋದು ಒಂದೇ. ಈ ಮನೆ ಒಲೆ ಆರಬಾರದು ಅಂತ."

ಒಲೆ ಆರಲಿಲ್ಲ. ಅದಕ್ಕೇ ಈ ಪ್ರಯಾಣ.

ಬೇಲೂರಿನಲ್ಲಿ ಇಳಿಯಲಿಲ್ಲ. ಚೆನ್ನಕೇಶವನ ಗೋಪುರಕ್ಕೆ ಕಾರಿನಿಂದಲೇ ಕೈಮುಗಿದು ಮುಂದೆ ಹೋದೆವು. ಮಗಳು ವಿಷ್ಣುವರ್ಧನ, 1117 ಅಂತೆಲ್ಲ ಪಾಠದಲ್ಲಿ ಓದಿದ್ದನ್ನು ಒಪ್ಪಿಸಿದಳು. ಮೂಡಿಗೆರೆ ದಾಟಿದರೆ ರಸ್ತೆಯ ಎರಡೂ ಕಡೆ ಕಾಫಿ ತೋಟ. ಹಣ್ಣು ಕೊಯ್ಲಿನ ಕಾಲ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕೆಂಪಗೆ ತುಂಬಿದ ಅರೇಬಿಕಾ ಗಿಡ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಯುವ ಹೆಂಗಸರು. ಕಣದಲ್ಲಿ ಹರಡಿದ ಹಣ್ಣಿನ ಹುಳಿ ವಾಸನೆ ಕಾರಿನೊಳಗೂ ಬಂತು. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆ ತಿನ್ನದೆ ಹೋಗುವವರುಂಟಾ? ಹೆಂಚಿನಿಂದ ಎತ್ತಿ ನಾಲ್ಕಾಗಿ ಮಡಚಿ ಹಾಕುತ್ತಾರೆ, ಬಾಯಿಗಿಟ್ಟರೆ ಕರಗುತ್ತೆ. ನಮ್ಮವರು ಮನೆ ಬಿಟ್ಟು ಹೋಟೆಲಿನಲ್ಲಿ ಕೂತು ತಿಂದು ತುಂಬಾ ದಿನಗಳಾಗಿದ್ದವು. ಎರಡು ಪ್ಲೇಟ್ ತಿಂದರು. ನಾನು ಅವರು ತಿನ್ನುವುದನ್ನೇ ನೋಡುತ್ತಾ ಕೂತಿದ್ದೆ.

ಅಲ್ಲಿಂದ ಕಳಸದ ಕಡೆಗೆ ತಿರುಗಿದರೆ ದಾರಿಯಲ್ಲಿ ಜಾವಳಿ ಸಿಗುತ್ತದೆ. ಹೇಮಾವತಿ ಹುಟ್ಟುವುದು ಅಲ್ಲಿ. ಗಣಪತಿ ಗುಡಿಯ ಹತ್ತಿರ ಒಂದು ಸಣ್ಣ ಕೊಳ, ಅಷ್ಟೇ. ಇಲ್ಲಿಂದ ಹೊರಟ ನೀರು 245 ಕಿಲೋಮೀಟರ್ ಹರಿದು ಕೃಷ್ಣರಾಜಸಾಗರದ ಹತ್ತಿರ ಕಾವೇರಿಯನ್ನು ಸೇರುತ್ತದೆ. ನಡುವೆ ಗೊರೂರಿನಲ್ಲಿ ಅಣೆಕಟ್ಟು. 1979ರಲ್ಲಿ ಅದು ಮುಗಿದ ಮೇಲೆ ನಮ್ಮ ಜಿಲ್ಲೆಯ ಎಷ್ಟೋ ಹೊಲಗಳಿಗೆ ನಾಲೆ ನೀರು ಬಂತು. ನಮ್ಮ ಮನೆಯ ನಲ್ಲಿಯಲ್ಲಿ ಬರುವುದೂ ಇದೇ ಹೊಳೆಯ ನೀರು. ಅತ್ತೆ ಕೊಳದ ಪಕ್ಕ ಕೂತು ಕೈಯದ್ದಿ ಕಣ್ಣಿಗೆ ಒತ್ತಿಕೊಂಡರು.

"ಇಷ್ಟು ದಿನ ಕುಡಿದಿದ್ದೀವಿ, ಒಂದು ಸಲನಾದ್ರೂ ಬಂದು ಮುಖ ನೋಡಬೇಕಲ್ವಾ?" ಅಂದರು.

ನಾನು ದೇವರ ಮನೆಯಲ್ಲಿ ಗಂಟೆಗಟ್ಟಲೆ ಕೂರುವವಳಲ್ಲ. ದೀಪ ಹಚ್ಚಿ, ಎರಡು ಹೂವಿಟ್ಟು, ಮಗಳನ್ನು ಸ್ಕೂಲಿಗೆ ಹೊರಡಿಸುವುದರಲ್ಲೇ ಬೆಳಗು ಮುಗಿಯುತ್ತದೆ. ಕಷ್ಟ ಬಂದಾಗ "ಎಲ್ಲಾ ಒಳ್ಳೇದಕ್ಕೇ" ಅಂತ ಸಮಾಧಾನ ಹೇಳುವವರು ಬಹಳ. ನನಗೆ ಆ ಮಾತು ಒಪ್ಪಿಗೆಯಾಗಲ್ಲ. ಮೂಳೆ ಮುರಿದದ್ದು ಒಳ್ಳೆಯದಕ್ಕಲ್ಲ. ರಾತ್ರಿಯಿಡೀ ನೋವಿನಿಂದ ಹಲ್ಲು ಕಚ್ಚುತ್ತಿದ್ದ ಮನುಷ್ಯನ ಪಕ್ಕ ಕೂತವಳಿಗೆ ಅದು ಗೊತ್ತು. ಆದರೂ ನನ್ನ ನಂಬಿಕೆ ಆ ವರ್ಷದಲ್ಲೇ ಗಟ್ಟಿಯಾಯಿತು. ಯಾಕೆ ಅಂದರೆ ನಮ್ಮ ಬಾಗಿಲಿಗೆ ಜನ ಬಂದರು. ಹಾಲು ಹಾಕುವ ಅಮ್ಮ ಅರ್ಧ ಲೀಟರ್ ಹಾಲನ್ನು ಒಂದು ದಿನವೂ ನಿಲ್ಲಿಸಲಿಲ್ಲ, "ದುಡ್ಡು ಎಲ್ಲಿ ಹೋಗುತ್ತೆ, ಆಮೇಲೆ ಕೊಡಿ" ಅಂದರು. ಸ್ಕೂಲ್ ವ್ಯಾನಿನ ಅಣ್ಣ ಪುಟ್ಟಿಯನ್ನು ಬಾಡಿಗೆ ಕೇಳದೆ ಕರೆದುಕೊಂಡು ಹೋದರು. ಮಂಡಿಯ ಹಮಾಲಿಗಳು ತಮ್ಮತಮ್ಮಲ್ಲೇ ದುಡ್ಡು ಹಾಕಿ ಒಂದು ಮೂಟೆ ರಾಗಿ ತಂದು ಜಗುಲಿ ಮೇಲಿಟ್ಟು ಹೋದರು, ಕಾಫಿ ಕುಡಿಯೋಕೂ ನಿಲ್ಲಲಿಲ್ಲ. ಎದುರು ಮನೆ ಮುಸ್ಲಿಂ ಅಕ್ಕ, ನಾನು ಆಸ್ಪತ್ರೆಯಲ್ಲಿದ್ದ ರಾತ್ರಿಗಳಲ್ಲಿ ಅತ್ತೆಗೂ ಮಗಳಿಗೂ ಚಪಾತಿ ಮಾಡಿ ಕಳಿಸುತ್ತಿದ್ದರು. ಅತ್ತೆ ಈರುಳ್ಳಿ ತಿನ್ನದ ದಿನ ಯಾವುದು ಅಂತ ಅವರು ನೆನಪಿಟ್ಟುಕೊಂಡಿದ್ದರು.

ಕಳಸ ತಲುಪುವ ಹೊತ್ತಿಗೆ ಮಧ್ಯಾಹ್ನದ ಹತ್ತಿರ. ಕಲಶೇಶ್ವರನ ದೇವಸ್ಥಾನಕ್ಕೆ ಮೆಟ್ಟಿಲು ಹತ್ತಬೇಕು. ಹೊರನಾಡಿನಲ್ಲೂ ಮೆಟ್ಟಿಲಿವೆ. ಎರಡೂ ಕಡೆ ಹತ್ತಿದರೆ ಕಾಲು ಊದುತ್ತದೆ ಅಂತ ನಮ್ಮವರು ಕೆಳಗೇ ಕೂತರು, ನಾವು ಬೇಗ ಹೋಗಿ ಬಂದೆವು. ಕಳಸದ ಹತ್ತಿರವೇ ಭದ್ರಾ ನದಿಯಲ್ಲಿ ಅಂಬುತೀರ್ಥ ಅಂತ ಒಂದು ಜಾಗ. ಅದನ್ನು ಮಾತ್ರ ತಪ್ಪಿಸಬೇಡಿ. ಅಗಲವಾಗಿ ಬಂದ ನದಿ ಅಲ್ಲಿ ಬಂಡೆಗಳ ನಡುವಿನ ಸಂದಿಯಲ್ಲಿ ನುಗ್ಗುತ್ತದೆ. ನೋಡಲು ಶಾಂತ ಅನಿಸುವ ಕಡೆಯಲ್ಲೂ ಸೆಳೆತ ಜೋರು, ನೀರಿಗೆ ಇಳಿಯುವ ಸಾಹಸ ಬೇಡವೇ ಬೇಡ. ಅಲ್ಲೊಂದು ದೊಡ್ಡ ಬಂಡೆಯಿದೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದು ಇಟ್ಟರು ಅನ್ನುವುದು ನಂಬಿಕೆ, ಅದೇ ಮಾತನ್ನು ಸಂಸ್ಕೃತದಲ್ಲಿ ಬಂಡೆಯ ಮೇಲೂ ಕೆತ್ತಿದ್ದಾರೆ. ಮಗಳು ಬಂಡೆಯನ್ನು ಸುತ್ತಿ ನೋಡಿ, "ಅಜ್ಜಿ, ಒಂದೇ ಕೈಯಲ್ಲಾ?" ಅಂದಳು.

"ಆಚಾರ್ಯರಿಗೆ ಒಂದು ಕೈ ಸಾಕಾಯ್ತು ಪುಟ್ಟಿ. ನಿಮ್ಮಪ್ಪನ್ನ ಎತ್ತಿ ನಿಲ್ಲಿಸೋಕೆ ನಮ್ಮ ಬೀದಿಯವರ ಕೈಯೆಲ್ಲ ಬೇಕಾಯ್ತು."

ಕಳಸದಿಂದ ಹೊರನಾಡು ಎಂಟು ಕಿಲೋಮೀಟರ್. ನಡುವೆ ಹೆಬ್ಬಾಳೆಯಲ್ಲಿ ಭದ್ರೆಗೆ ಒಂದು ತಗ್ಗಿನ ಸೇತುವೆ. ನಾವು ಹೋದಾಗ ನೀರು ಕೆಳಗೆಲ್ಲೋ ಇತ್ತು. ಜೋರು ಮಳೆಗಾಲದಲ್ಲಿ ನದಿ ಸೇತುವೆಯ ಮೇಲೆಯೇ ಹರಿಯುತ್ತದೆ, ಆಗ ಈ ದಾರಿ ಬಂದ್. ಜುಲೈ, ಆಗಸ್ಟಿನಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು.

ಹೊರನಾಡು ಸಣ್ಣ ಊರು. ಸುತ್ತ ಗುಡ್ಡ, ಅಡಿಕೆ ತೋಟ, ಕಾಡು. ದೇವಸ್ಥಾನ ಎತ್ತರದಲ್ಲಿದೆ. ಗಂಡಸರು ಅಂಗಿ ತೆಗೆದು ಹೆಗಲಿಗೆ ಶಲ್ಯ ಹಾಕಿಕೊಂಡು ಒಳಗೆ ಹೋಗಬೇಕು. ನಮ್ಮವರು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ತಮ್ಮನ ಹೆಗಲ ಮೇಲಿಟ್ಟು ಹತ್ತಿದರು. ಬಲಗಾಲು ಮೊದಲು ಮೇಲಿನ ಮೆಟ್ಟಿಲಿಗೆ, ಆಮೇಲೆ ಎಡಗಾಲನ್ನು ಎಳೆದು ಅದರ ಪಕ್ಕಕ್ಕೆ, ಒಂದು ಉಸಿರು, ಮತ್ತೆ ಬಲಗಾಲು. ಫಿಸಿಯೋಥೆರಪಿಯವರು ಮನೆಗೆ ಬಂದು ಬಾಗಿಲ ಹೊಸ್ತಿಲ ಮೇಲೆ ಕಲಿಸಿದ್ದ ಕ್ರಮ ಅದು. ಹಿಂದಿನಿಂದ ಬಂದವರು ಗಲಾಟೆ ಮಾಡದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. "ನಿಧಾನ ಭಾವ" ಅಂತ ತಮ್ಮ ಹೇಳುತ್ತಲೇ ಇದ್ದ. ಮೇಲೆ ತಲುಪಿದಾಗ ಅವರ ಬೆನ್ನೆಲ್ಲ ಬೆವರು, ಮುಖದಲ್ಲಿ ನಗು.

ಈಗಿನ ಅನ್ನಪೂರ್ಣೇಶ್ವರಿಯ ಮೂರ್ತಿ ಪ್ರತಿಷ್ಠೆಯಾದದ್ದು 1973ರಲ್ಲಿ. ಕ್ಷೇತ್ರ ಅದಕ್ಕಿಂತ ಬಹಳ ಹಳೆಯದು. ತಲೆಮಾರುಗಳಿಂದ ಜೋಷಿ ಮನೆತನದವರು ಧರ್ಮಕರ್ತರಾಗಿ ನಡೆಸಿಕೊಂಡು ಬಂದಿದ್ದಾರೆ. ನಿಂತ ಭಂಗಿಯ ತಾಯಿ, ಮೈತುಂಬ ಚಿನ್ನ, ಮೇಲಿನ ಕೈಗಳಲ್ಲಿ ಶಂಖ, ಚಕ್ರ. ಕ್ಯಾಲೆಂಡರಿನಲ್ಲಿ ಸೌಟು, ಪಾತ್ರೆ ಹಿಡಿದ ಅನ್ನಪೂರ್ಣೆಯನ್ನು ನೋಡಿದ್ದ ಮಗಳು, "ಸೌಟು ಎಲ್ಲಿ?" ಅಂತ ಪಿಸುಗುಟ್ಟಿದಳು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಅಡುಗೆ ಮಾಡೋರ ಕೈಗೆ ಕೊಟ್ಟಿದ್ದಾಳೆ, ಸುಮ್ನಿರು" ಅಂದರು. ನಾನು ಏನಾದರೂ ಬೇಡಿಕೊಳ್ಳಬೇಕು ಅಂತ ನಿಂತಿದ್ದೆ. ಅಡವಿಟ್ಟ ಬಳೆ ಇತ್ತು, ಮುಗಿಯದ ಕಂತು ಇತ್ತು. ಆದರೆ ಬಾಯಿಗೆ ಬಂದದ್ದು ಆ ಬೀದಿಯವರ ಹೆಸರುಗಳು. ಒಬ್ಬೊಬ್ಬರ ಹೆಸರನ್ನೂ ಹೇಳಿ ಅವರ ಮನೆ ಚೆನ್ನಾಗಿರಲಿ ಅಂತ ಕೇಳಿಕೊಂಡೆ. ಮುಗಿಯುವಷ್ಟರಲ್ಲಿ ನನ್ನ ಸರದಿ ಮುಗಿದು ಮುಂದಕ್ಕೆ ನಡೆಯಬೇಕಾಯಿತು.

ಅಕ್ಕಿ ಕೊಡುವ ಜಾಗದಲ್ಲಿ ಅತ್ತೆಗೆ ಒಂದು ಅಳುಕು. ಬೇರೆಯವರು ಹೊಸ ಮೂಟೆ ತಂದಿದ್ದರು, ಎಲ್ಲವೂ ಒಂದೇ ತರಹದ ಒಳ್ಳೆ ಅಕ್ಕಿ. "ನಮ್ದು ಮಿಶ್ರ ಅಕ್ಕಿ ಸ್ವಾಮಿ, ಮನೇಲಿ ಹಿಡಿ ಹಿಡಿ ಎತ್ತಿಟ್ಟಿದ್ದು" ಅಂದರು. ಕೂತಿದ್ದವರು ಚೀಲದ ಬಾಯಿ ಬಿಚ್ಚಿ ಒಂದಿಷ್ಟು ಅಕ್ಕಿ ಅಂಗೈಗೆ ಹಾಕಿಕೊಂಡು ನೋಡಿದರು. "ದಿನಾ ಎತ್ತಿಟ್ರಾ ಅಮ್ಮಾ?" ಅಂತ ಕೇಳಿದರು. ಅತ್ತೆ ತಲೆಯಾಡಿಸಿದರು. ಅವರು ಅಕ್ಕಿಯನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕೇ ಹಾಕಿ, ಒಳಗೆ ಕಳಿಸಿ, ಕುಂಕುಮ ಪ್ರಸಾದ ಕೊಟ್ಟರು. ಅತ್ತೆ ಅಳುವುದನ್ನು ನಾನು ನೋಡಿದ್ದು ಅಲ್ಲೇ. ಮಗ ಆಸ್ಪತ್ರೆಯಲ್ಲಿದ್ದಾಗಲೂ ಅವರು ನಮ್ಮೆದುರು ಅತ್ತಿರಲಿಲ್ಲ.

ಆಮೇಲೆ ಊಟ. ಹೊರನಾಡಿಗೆ ಬಂದವರು ಯಾರೇ ಆಗಲಿ ಉಂಡೇ ಹೋಗಬೇಕು ಅನ್ನುವುದು ಇಲ್ಲಿನ ರೀತಿ. ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳಲ್ಲ. ಸಾಲಾಗಿ ಕೂತರೆ ಬಡಿಸುವವರು ಬಕೆಟ್ ಹಿಡಿದು ಓಡುತ್ತಲೇ ಬರುತ್ತಾರೆ. ಅನ್ನ, ಸಾರು, ಹುಳಿ, ಪಾಯಸ, ಕೊನೆಗೆ ಮಜ್ಜಿಗೆ. ನೆಲಕ್ಕೆ ಕೂರಲು ಆಗದ ನಮ್ಮವರಿಗೆ ಪಕ್ಕದಲ್ಲಿ ಕೂರಲು ಎತ್ತರದ ಜಾಗ ಮಾಡಿಕೊಟ್ಟರು. ಸಾರು ತಿಳಿಯಾಗಿತ್ತು, ಮೆಣಸು ಜೀರಿಗೆ ಘಮ ಮೂಗಿಗೆ ಹೊಡೆಯುತ್ತಿತ್ತು. ನನ್ನ ಪಕ್ಕ ಕೂತವರು ದಾವಣಗೆರೆ ಕಡೆಯ ರೈತರು, ಬೆಳೆ ಕೈಕೊಟ್ಟ ವರ್ಷದಲ್ಲೂ ಬರುವುದನ್ನು ಬಿಟ್ಟಿಲ್ಲವಂತೆ. ಅವರ ಆಚೆ ಕೈತುಂಬ ಹಸಿರು ಬಳೆ ತೊಟ್ಟ ಹೊಸ ಮದುಮಗಳು. ಮನೆಯಲ್ಲಿ ನಾನು ಬಡಿಸಿ ಕೊನೆಗೆ ಉಣ್ಣುವವಳು. ಇಲ್ಲಿ ನನಗೂ ಒಬ್ಬರು ಬಗ್ಗಿ, "ಇನ್ನೊಂಚೂರು ಅನ್ನ ಹಾಕ್ಲಾಮ್ಮ?" ಅಂತ ಕೇಳಿದರು. ಹಾಕಿಸಿಕೊಂಡೆ.

ರಾತ್ರಿ ದೇವಸ್ಥಾನದ ಕೋಣೆಯಲ್ಲೇ ಉಳಿದೆವು. ಚಳಿಗೆ ಎಲ್ಲರೂ ಒತ್ತೊತ್ತಾಗಿ ಮಲಗಿದೆವು. ನಮ್ಮವರು ಮಲಗುವ ಮೊದಲು ಕಾಲಿಗೆ ಎಣ್ಣೆ ಹಚ್ಚುವುದು ಮಗಳ ಕೆಲಸ, ಅಲ್ಲೂ ಬಿಡಲಿಲ್ಲ. ಗಾಯದ ಗುರುತಿನ ಉದ್ದಕ್ಕೂ ಬೆರಳು ಓಡಿಸುತ್ತಾ, "ನೋಯುತ್ತಾ ಅಪ್ಪ?" ಅಂತ ಕೇಳುವುದು, ಅವರು "ಇಲ್ಲ ಕಂದ" ಅನ್ನುವುದು. ನೋವು ಇದೆ ಅಂತ ಇಬ್ಬರಿಗೂ ಗೊತ್ತು. ಕುಂಟು ಪೂರ್ತಿ ಹೋಗಲ್ಲ ಅಂತ ಡಾಕ್ಟರ್ ಹೇಳಿಯಾಗಿದೆ. ಆಟೋ ಓಡಿಸುತ್ತಾರೆ, ಮೂಟೆ ಎತ್ತುವುದು ಮಾತ್ರ ಈಗ ಜೊತೆಯ ಹುಡುಗನ ಕೆಲಸ. ಸಂಪಾದನೆಯಲ್ಲಿ ಅವನಿಗೂ ಪಾಲು ಹೋಗುತ್ತದೆ. ಹೋಗಲಿ ಬಿಡಿ, ಅವನ ಮನೆಯಲ್ಲೂ ಅನ್ನ ಬೇಯಬೇಕಲ್ವಾ.

ಮಾರನೆ ದಿನ ಹೊರಡುವಾಗ ಅತ್ತೆ ಪ್ರಸಾದವಾಗಿ ಸಿಕ್ಕ ಅಕ್ಕಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಅದನ್ನು ಮನೆಯ ಅಕ್ಕಿ ಡಬ್ಬಿಗೆ ಹಾಕಿಡುವುದು ರೂಢಿ. ಊರಿಗೆ ಬಂದ ಸಂಜೆಯೇ ಅವರು ಅದನ್ನು ತಟ್ಟೆಗೆ ಸುರಿದು, ಕಾಗದದ ಸಣ್ಣ ಸಣ್ಣ ಪೊಟ್ಟಣ ಕಟ್ಟೋಕೆ ಕೂತರು. ಒಂದೊಂದರಲ್ಲಿ ಬರೀ ಹತ್ತೋ ಹನ್ನೆರಡೋ ಕಾಳು. ಮಗಳು ಮನೆಮನೆಗೆ ಓಡಿದಳು. ವ್ಯಾನಿನ ಅಣ್ಣನಿಗೆ, ಮಂಡಿಯವರಿಗೆ, ಎದುರು ಮನೆಗೆ. ಎದುರು ಮನೆ ಅಕ್ಕನಿಗೆ ಪೊಟ್ಟಣದ ಜೊತೆ ಕಳಸದಲ್ಲಿ ಕೊಂಡ ಕಾಳುಮೆಣಸೂ ಹೋಯಿತು. ಅವರ ಕೈ ಸಾರಿಗೆ ಅದು ಒಪ್ಪುತ್ತೆ ಅಂತ ಅತ್ತೆ ಅಂಗಡಿಯಲ್ಲೇ ಲೆಕ್ಕ ಹಾಕಿದ್ದರು. ಹಾಲಿನ ಅಮ್ಮ ಬೆಳಿಗ್ಗೆ ಬಂದಾಗ ನಾನೇ ಕೊಟ್ಟೆ. ಹಳೇ ಬಾಕಿಯ ಒಂದು ಕಂತನ್ನೂ ಕೊಟ್ಟೆ. ಅವರು ದುಡ್ಡು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನೂ ಒಂದ್ಸಲ ಆ ತಾಯಿನ ನೋಡ್ಬೇಕು ಕಣಮ್ಮಾ, ಮುಂದಿನ ಸಲ ಹೋಗುವಾಗ ಹೇಳು" ಅಂದರು. ಒಳಗಿನಿಂದ ಅತ್ತೆ ಕೂಗಿದರು: "ಅಕ್ಷಯ ತೃತೀಯಕ್ಕೆ ಅಲ್ಲಿ ವಿಶೇಷ ಪೂಜೆ. ಬಸ್ಸಿಗೇ ಹೋಗೋಣ, ನೀನು ಈಗಿಂದ ಹಿಡಿ ಅಕ್ಕಿ ಎತ್ತಿಡು."