ಹೊಸ ಆಡಿನ ಮೇಲೆ ಬಂದ ಅಪವಾದ

ಆಡಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿದರೆ ಒಳಗೆ ಕೆಂಪಗಿರಬೇಕು. ನಮ್ಮ ಹೊಸ ಆಡಿನದು ಸುಣ್ಣ ಬಳಿದ ಹಾಗಿತ್ತು. ಮೇವು ಮುಟ್ಟಿರಲಿಲ್ಲ, ಮೆಲುಕೂ ಇಲ್ಲ. ಚಿಕ್ಕಪ್ಪ ನೋಡಿದವರೇ, "ಜಂತು ಕಣೋ, ಔಷಧಿ ಕುಡಿಸು. ಎಲ್ಲಿಂದಲೋ ತಂದ ಆಡು, ನಮ್ಮ ಕುರಿಗಳಿಗೂ ಅಂಟಿಸುತ್ತೆ ನೋಡು" ಅಂದರು.

ಜಂತಿನ ಅನುಮಾನ ಸರಿಯಾದದ್ದೇ. ರೆಪ್ಪೆ ಬಿಳುಚಿದರೆ ಮೊದಲು ನೆನಪಾಗಬೇಕಾದದ್ದು ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೀಮಾಂಕಸ್ ಜಂತು. ರೆಪ್ಪೆಯ ಬಣ್ಣಕ್ಕೆ 1ರಿಂದ 5ರವರೆಗೆ ಅಂಕ ಕೊಡುವ ಫಮಾಚಾ ಕಾರ್ಡು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ್ದೂ ಆ ಜಂತಿನ ಸಲುವಾಗಿಯೇ. ಆದರೆ ಕಿವಿ ಮುಟ್ಟಿದರೆ ಕೈ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟಾಗ 106 ಡಿಗ್ರಿ ಫ್ಯಾರನ್‌ಹೀಟ್. ಬರೀ ಜಂತಿಗೆ ಇಷ್ಟು ಜ್ವರ ಬರುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ.

ಮೇಡಂ ಬಂದವರು ಹೇಳಿದ ಮೊದಲ ಮಾತು, "ಅಟ್ಟಿಸಿಕೊಂಡು ಹೋಗಿ ಹಿಡಿಯಬೇಡಿ. ಮೈಯಲ್ಲಿ ರಕ್ತ ಇಲ್ಲದ ಪ್ರಾಣಿ, ಓಡಿದರೆ ಅಲ್ಲೇ ಕುಸಿದು ಬೀಳಬಹುದು." ಆಡು ನಿಂತಲ್ಲೇ ಉಚ್ಚೆ ಹೊಯ್ದಾಗ ಬಗ್ಗಿ ಬಣ್ಣ ನೋಡಿದರು. ಮಾಮೂಲಿ ಹಳದಿ. ಉಣುಗು ಕಚ್ಚಿ ಬರುವ ಬಬೇಸಿಯಾ ಎಂಬ ರಕ್ತದ ಪರೋಪಜೀವಿ ಆಗಿದ್ದರೆ ಕೆಂಪಗೋ ಕಂದಾಗೋ ಇರುವ ಸಾಧ್ಯತೆ ಹೆಚ್ಚು, ಏಕೆಂದರೆ ಅದರಲ್ಲಿ ಕೆಂಪು ರಕ್ತಕಣಗಳು ರಕ್ತನಾಳದೊಳಗೇ ಒಡೆಯುತ್ತವೆ. ಉಣುಗಿನಿಂದಲೇ ಬರುವ ಅನಾಪ್ಲಾಸ್ಮಾ ಬ್ಯಾಕ್ಟೀರಿಯಾ ಆದರೆ ಸೋಂಕು ತಗುಲಿದ ಕಣಗಳನ್ನು ಗುಲ್ಮವೇ ಹೆಕ್ಕಿ ನಾಶ ಮಾಡುತ್ತದೆ, ಉಚ್ಚೆಯ ಬಣ್ಣ ಬದಲಾಗುವುದಿಲ್ಲ. ಇಷ್ಟು ಸುಲಭದ ಪರೀಕ್ಷೆಗೆ ಖರ್ಚೇ ಇಲ್ಲ, ಆದರೂ ನಾವು ಯಾರೂ ಅತ್ತ ನೋಡಿರಲಿಲ್ಲ.

ಆಮೇಲೆ ಉಣುಗು ಹುಡುಕಿದೆವು. ಬೆನ್ನ ಮೇಲೆ ಒಂದೂ ಇರಲಿಲ್ಲ. ಕಿವಿಯೊಳಗಿನ ಮಡಿಕೆ, ಬಾಲದ ಬುಡ, ಕೆಚ್ಚಲಿನ ಪಕ್ಕ, ಗೊರಸಿನ ಸಂದು, ಹೀಗೆ ತೆಳುಚರ್ಮ ಇರುವಲ್ಲೆಲ್ಲ ಇದ್ದವು. ಕಿವಿಯಲ್ಲಿ ರಕ್ತ ಕುಡಿದು ಉಬ್ಬಿ ಬೂದುಬಣ್ಣಕ್ಕೆ ತಿರುಗಿದ ಹೆಣ್ಣೊಂದು, ಅದರ ಮಗ್ಗುಲಿಗೆ ಚಪ್ಪಟೆ ಗಂಡು. ನಾನು ಅಭ್ಯಾಸಬಲದಿಂದ ಉಗುರಲ್ಲಿ ಹಿಸುಕಲು ಹೋದರೆ ಮೇಡಂ ಕೈ ತಡೆದು ಚಿಮಟ ಕೊಟ್ಟರು. ಉಣುಗಿನೊಳಗಿನ ಕೆಲವು ಸೋಂಕುಗಳು ಮನುಷ್ಯರಿಗೂ ಬರುತ್ತವೆ, ಅದನ್ನು ಕೈಯಲ್ಲಿ ಒಡೆಯುವ ಚಾಳಿ ಬಿಡಬೇಕಂತೆ. ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೆದು, ಸ್ಪಿರಿಟ್ ಸೀಸೆಗೆ ಹಾಕಿದೆವು.

ಕಿವಿಯಂಚಿನ ಕೂದಲು ಬೋಳಿಸಿ, ಸಣ್ಣ ರಕ್ತನಾಳಕ್ಕೆ ಸೂಜಿ ತಾಗಿಸಿ, ಒಂದು ಹನಿ ರಕ್ತ ಸ್ಲೈಡಿನ ಮೇಲೆ. ಇನ್ನೊಂದು ಸ್ಲೈಡನ್ನು ಓರೆ ಹಿಡಿದು ಒಂದೇ ಎಳೆತಕ್ಕೆ ಹರಡಿದರು. ಹಸಿ ರಕ್ತ ಒಂದು ಟ್ಯೂಬಿಗೂ ಹೋಯಿತು, ಹಿಕ್ಕೆ ಒಂದು ಡಬ್ಬಿಗೆ. ಆಡಿನ ಕೆಲಸ ಮುಗಿಯಿತು ಅಂದುಕೊಂಡರೆ, ಪಕ್ಕದಲ್ಲಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದ ನಮ್ಮ ಹಳೇ ಕುರಿಗಳಿಂದಲೂ ಹನಿ ತೆಗೆದರು. ಚಿಕ್ಕಪ್ಪನಿಗೆ ಸಿಟ್ಟೇ ಬಂತು. "ಅವಕ್ಕೇನಾಗಿದೆ ಮೇಡಂ? ಗುಂಡುಕಲ್ಲಿನಂಗವೆ."

ಚಿಕಿತ್ಸಾಲಯದಲ್ಲಿ ಸ್ಲೈಡುಗಳನ್ನು ಗೀಮ್ಸಾ ಬಣ್ಣದಲ್ಲಿ ಅರ್ಧ ಗಂಟೆ ಬಿಡಬೇಕಿತ್ತು. ಆ ಹೊತ್ತಲ್ಲಿ ಮೇಡಂ ಉಣುಗಿನ ಸಂಸಾರವನ್ನೆಲ್ಲ ಹೇಳಿದರು. ಯುರೋಪಿನಲ್ಲಿ ಅನಾಪ್ಲಾಸ್ಮಾದ್ದೇ ದಾಯಾದಿ ಬ್ಯಾಕ್ಟೀರಿಯಾ ಬಿಳಿ ರಕ್ತಕಣಕ್ಕೆ ಹೊಕ್ಕು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಗಬ್ಬದ ಕುರಿಗಳು ಕಂದು ಹಾಕುತ್ತವೆ, ಮರಿಗಳ ಕೀಲುಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿ ಕೀವು ಕಟ್ಟುತ್ತದೆ. ಆಫ್ರಿಕಾದ ಹಾರ್ಟ್‌ವಾಟರ್ ರೋಗ ಇನ್ನೂ ಘೋರ. ಹೃದಯದ ಸುತ್ತ ನೀರು ತುಂಬುತ್ತದೆ, ಖಚಿತಪಡಿಸಿಕೊಳ್ಳಲು ಸತ್ತ ಪ್ರಾಣಿಯ ಮಿದುಳಿನ ಚೂರನ್ನೇ ಸ್ಲೈಡಿಗೆ ಸವರಿ ನೋಡುತ್ತಾರೆ. ಉಣುಗಿನಿಂದ ಅದು ಹರಡುತ್ತದೆಂದು ಕೀಟವಿಜ್ಞಾನಿ ಲೌನ್ಸ್‌ಬರಿ 1900ರಲ್ಲೇ ತೋರಿಸಿದ್ದರೆ, ರೋಗಾಣುವನ್ನು ವಿಜ್ಞಾನಿ ಕೌಡ್ರಿ ಗುರುತಿಸಿದ್ದು 1925ರಲ್ಲಿ.

ಸೂಕ್ಷ್ಮದರ್ಶಕದಲ್ಲಿ ನನಗೆ ಮೊದಲು ಬರೀ ತಿಳಿಗುಲಾಬಿ ಚುಕ್ಕಿಗಳ ಸಂತೆ. ಮೇಡಂ ಫೋಕಸ್ ತಿರುಗಿಸಿ, "ಅಂಚು ನೋಡಿ" ಅಂದರು. ಕಣದ ಅಂಚಿಗೆ ಒತ್ತಿಕೊಂಡ ಕಡುನೇರಳೆ ಬಿಂದು. ಪಕ್ಕದ ಕಣದಲ್ಲಿ ಇನ್ನೊಂದು, ಅದು ನಡುವಿಗೆ ಸ್ವಲ್ಪ ಸರಿದಿತ್ತು. ಕುರಿ ಆಡುಗಳ ಅನಾಪ್ಲಾಸ್ಮಾ ಓವಿಸ್ ಹೀಗೆಯೇ, ಎಲ್ಲವೂ ಅಂಚಿಗೇ ಇರುವುದಿಲ್ಲ. ಬಣ್ಣದ ಕಸ ಕೂಡ ಬಿಂದುವಿನಂತೆಯೇ ಕಾಣುವುದರಿಂದ ಫೋಕಸ್ ಮೇಲೆ ಕೆಳಗೆ ಮಾಡಿ, ಬಿಂದು ಕಣದೊಳಗಿದೆಯೋ ಮೇಲೆ ಬಿದ್ದಿದೆಯೋ ಎಂದು ನೋಡಿಕೊಂಡರು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡ 13 ಇತ್ತು. ಆಡಿಗೆ 22ಕ್ಕಿಂತ ಕೆಳಗಿಳಿಯಬಾರದು. ಹಿಕ್ಕೆಯಲ್ಲಿ ಜಂತಿನ ಮೊಟ್ಟೆ ಬೆರಳೆಣಿಕೆಯಷ್ಟು.

ನಂತರ ಹಳೇ ಕುರಿಗಳ ಸ್ಲೈಡು. ಅದರಲ್ಲೂ ಅದೇ ಬಿಂದು! ತೀರಾ ವಿರಳ, ತುಂಬ ಹೊತ್ತು ಹುಡುಕಿದ ಮೇಲೆ ಸಿಕ್ಕಿದ್ದು.

"ಆಡು ತಂದಿದ್ದು ಯಾವಾಗ?" ಅಂತ ಕೇಳಿದರು. ಒಂದು ತಿಂಗಳಾಗಿರಬಹುದು ಅಂದೆ. ಸೋಂಕು ತಗುಲಿ ಜ್ವರ ಏರಲು ಕೆಲವು ವಾರ ಬೇಕು, ಲೆಕ್ಕ ಕೂಡಿಬಂತು. ಈ ಆಡು ಮೊದಲಿದ್ದದ್ದು ಎತ್ತರದ ಹಲಗೆ ನೆಲದ ದೊಡ್ಡಿಯಲ್ಲಿ, ಉಣುಗಿನ ಕಾಟ ಅಷ್ಟಾಗಿ ಕಾಣದೆ ಬೆಳೆದದ್ದು. ನಮ್ಮ ಕುರಿಗಳು ಎಳೆಯದರಲ್ಲೇ ಸೋಂಕು ತಗುಲಿ, ಚೇತರಿಸಿಕೊಂಡು, ರೋಗಾಣುವನ್ನು ರಕ್ತದಲ್ಲಿಟ್ಟುಕೊಂಡೇ ಬದುಕುತ್ತಿರುವಂಥವು. ಅಂದರೆ ರೋಗ ಹೊಸ ಆಡಿನಿಂದ ನಮಗೆ ಬರುವ ಮಾತಿರಲಿ, ನಮ್ಮ ದೊಡ್ಡಿಯಿಂದಲೇ ಅದಕ್ಕೆ ಹೋಗಿರುವುದೇ ಹೆಚ್ಚು ಸಂಭವ.

ಹಾಗಾದರೆ ಎಲ್ಲಕ್ಕೂ ಸೂಜಿ ಚುಚ್ಚಿಬಿಡಿ ಅಂತ ನಾನು ಪಟ್ಟು ಹಿಡಿದೆ. ಮೇಡಂ ಒಪ್ಪಲಿಲ್ಲ. ಬಿಂದು ಇದ್ದ ಮಾತ್ರಕ್ಕೆ ಕಾಯಿಲೆಯಲ್ಲ, ಜ್ವರ, ಪಿಸಿವಿ, ಬಿಂದು ಮೂರೂ ಕೂಡಿದರೆ ಕಾಯಿಲೆ. ಔಷಧಿ ಕೊಟ್ಟರೂ ವಾಹಕ ಕುರಿಯ ರಕ್ತ ಪೂರ್ತಿ ಶುದ್ಧವಾಗುತ್ತದೆಂದು ಭರವಸೆಯಿಲ್ಲ, ಮತ್ತೆ ಉಣುಗು ಕಚ್ಚಿದರೆ ಅಷ್ಟೇ ಕತೆ. ಈಗಲೂ ನನಗೆ ಅವರ ವಾದವೇ ಸರಿ ಅನ್ನಿಸುತ್ತದೆ. ಆಡಿಗೆ ಮಾತ್ರ ದೀರ್ಘಾವಧಿಯ ಆಕ್ಸಿಟೆಟ್ರಾಸೈಕ್ಲಿನ್ ತೂಕ ನೋಡಿ ಕೊಟ್ಟರು. ಕಣದೊಳಗೆ ಅಡಗಿದ ಈ ರೋಗಾಣುವಿಗೆ ಪೆನಿಸಿಲಿನ್ ನಾಟುವುದಿಲ್ಲ. ಮರುದಿನವೇ ಜ್ವರ ಇಳಿಯಿತು, ರೆಪ್ಪೆಗೆ ಬಣ್ಣ ಬರಲು ವಾರಗಳು ಹಿಡಿದವು.

ದೊಡ್ಡಿಯ ಗೋಡೆಬಿರುಕುಗಳಿಗೆ ಮಣ್ಣು ಮೆತ್ತಿದೆವು. ಉಣುಗು ಆಯುಷ್ಯದ ಬಹುಪಾಲು ಕಳೆಯುವುದು ಮೈಮೇಲಲ್ಲ, ಅಂಥ ಸಂದುಗಳಲ್ಲಿ ಮತ್ತು ಹುಲ್ಲಿನ ಬುಡದಲ್ಲಿ. ಉಣುಗಿಲ್ಲದೆಯೂ ರೋಗ ದಾಟಿಸುವ ಇನ್ನೊಂದು ದಾರಿ ನಮ್ಮ ಕೈಯಲ್ಲೇ ಇದೆ. ಒಂದೇ ಸೂಜಿಯಲ್ಲಿ ಸಾಲಾಗಿ ಲಸಿಕೆ ಹಾಕುವುದು, ಕಿವಿಗೆ ಓಲೆ ಹೊಡೆಯುವ ಇಕ್ಕಳವನ್ನು ತೊಳೆಯದೆ ಮುಂದಿನ ಕುರಿಗೆ ಹಿಡಿಯುವುದು. ಮುಂದಿನ ಸಲ ಲಸಿಕೆಗೆ ತಲೆಗೊಂದು ಸೂಜಿ ಅಂದಾಗ ಚಿಕ್ಕಪ್ಪ ಗೊಣಗಿದರು. ಗೊಣಗುತ್ತಲೇ ಪ್ರತಿ ಕುರಿಗೂ ಹೊಸ ಸೂಜಿ ಬಿಚ್ಚಿ ಕೊಟ್ಟರು.