ಮೂತ್ರದಲ್ಲಿ ಲೋಳೆ: ಯುರೇಕಸ್ ಕ್ಯಾನ್ಸರ್ ಬಗ್ಗೆ

ಗರ್ಭದಲ್ಲಿ ಮೂತ್ರಕೋಶವನ್ನು ಹೊಕ್ಕುಳಿಗೆ ಜೋಡಿಸಿದ್ದ ನಾಳವೇ ಯುರೇಕಸ್. ಹುಟ್ಟಿದ ಮೇಲೆ ಅದು ಬರೀ ನಾರಿನ ಎಳೆ. ಅದರಲ್ಲಿ ಹುಟ್ಟುವ ಕ್ಯಾನ್ಸರ್, ಮೂತ್ರಕೋಶದ ಕ್ಯಾನ್ಸರ್‌ಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಗೆಡ್ಡೆ ಮೂತ್ರಕೋಶದ ನೆತ್ತಿಯಲ್ಲಿ, ಹೊರಗಿನಿಂದ ಒಳಕ್ಕೆ ಬೆಳೆಯುತ್ತದೆ. ಹಾಗಾಗಿ ಮೂತ್ರದಲ್ಲಿ ರಕ್ತ ಕಾಣುವ ಹೊತ್ತಿಗೆ ಅದು ಸಾಮಾನ್ಯವಾಗಿ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ಇಳಿದಿರುತ್ತದೆ. ಕೆಲವರಿಗೆ ಗಂಜಿತಿಳಿಯಂಥ ಲೋಳೆ ಹೋಗುತ್ತದೆ. ದಯವಿಟ್ಟು ಅದನ್ನು ಸೋಂಕು ಅಂತ ತಳ್ಳಿಹಾಕಬೇಡಿ. ಸಿಟಿ ಸ್ಕ್ಯಾನ್‌ನಲ್ಲಿ ಹೊಟ್ಟೆಯ ನಡುಗೆರೆಯ ಗೆಡ್ಡೆಯೊಳಗೆ ಸುಣ್ಣದ ಚುಕ್ಕೆಗಳಿದ್ದರೆ ಅನುಮಾನ ಬಲವಾಗುತ್ತದೆ. ಕರುಳಿನ ಕ್ಯಾನ್ಸರ್ ಕೂಡ ಬಯಾಪ್ಸಿಯಲ್ಲಿ (ಗೆಡ್ಡೆಯ ಚೂರಿನ ಪರೀಕ್ಷೆ) ಹೀಗೇ ಕಾಣುವುದರಿಂದ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳು ನೋಡುವುದು) ಬೇಕು.

ಮೂತ್ರದ್ವಾರದ ಮೂಲಕ ಗೆಡ್ಡೆಯನ್ನು ಕೆರೆದು ತೆಗೆದರೆ ಸಾಲದು, ಬೇರು ಉಳಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಕೋಶದ ನೆತ್ತಿ, ಯುರೇಕಸ್ ಎಳೆ, ಹೊಕ್ಕುಳು ಒಂದೇ ತುಂಡಾಗಿ ಬರಬೇಕು. ಹೊಕ್ಕುಳು ಬಿಡುವುದು ದೊಡ್ಡ ತಪ್ಪು. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಇಲ್ಲದೆ, ದುಗ್ಧಗ್ರಂಥಿಗೆ ಹರಡಿರದಿದ್ದರೆ ಹಲವರು ವರ್ಷಗಟ್ಟಲೆ ಚೆನ್ನಾಗಿರುತ್ತಾರೆ. ಹೊಟ್ಟೆಯ ಒಳಪೊರೆಗೆ ಹರಡಿದರೆ ಕಷ್ಟ.